ಒಂದು ಪುಟಕ್ಕೆ ಎಷ್ಟು ಸಂಬಂಧ?

ಇಬ್ಬರು ಒಂದೇ ಮಾತನ್ನು ಆಡುತ್ತ, ಅದಕ್ಕೆ ಬೇರೆ ಬೇರೆ ಅರ್ಥ ಇಟ್ಟುಕೊಂಡರೆ ಏನೇನು ಆಗಬಹುದೋ ಅದೆಲ್ಲ ನನ್ನ ಕೋಣೆಯಲ್ಲಿ ಆಗಿದೆ. ಇದೇ ಕೊನೆಯದು, ಇನ್ನು ಹೀಗಾಗಲಾರದು ಎಂದುಕೊಂಡು ವಿಭೂತಿ ಹಚ್ಚಿಕೊಂಡು ನೆಮ್ಮದಿಯಾಗಿ ಕೂತರೆ, ಮಾರನೆಯ ಬೆಳಿಗ್ಗೆ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ.

ನನ್ನ ಕೋಣೆ ಎಂದರೆ ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಸಂಘದವರು ನಡೆಸುತ್ತಿದ್ದ ವಧೂವರರ ಮಾಹಿತಿ ಕೇಂದ್ರ. ಒಂದು ಮೇಜು, ಎರಡು ಬೆಂಚು, ಗೋಡೆಗೆ ಗುರುಗಳ ಪಟ, ಕಪಾಟಿನ ತುಂಬ ರಿಜಿಸ್ಟರು. ತೊಂಬತ್ತರ ದಶಕದ ಶುರುವಿನಿಂದ ಅಲ್ಲಿ ವ್ಯವಸ್ಥಾಪಕನೂ ನಾನೇ, ಗುಮಾಸ್ತನೂ ನಾನೇ, ಕಸ ಗುಡಿಸುವವನೂ ನಾನೇ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಎಲ್ಲ ತರಗತಿಗೂ ಒಬ್ಬರೇ ಮೇಷ್ಟ್ರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಅವರು ಒಂದು ಏಟು ಕೊಡುತ್ತಿದ್ದರು, ಗೊತ್ತು ಎಂದರೆ ಎರಡು. ಆ ಪಾಠವನ್ನು ನಾನು ಕಂಪ್ಯೂಟರು ಬರುವವರೆಗೂ ಮರೆತಿರಲಿಲ್ಲ.

ಹೊಸ ಶತಮಾನ ಬಂದು ನಾಲ್ಕೈದು ವರ್ಷಕ್ಕೆ ನಮ್ಮ ಬೆಂಚುಗಳು ಖಾಲಿಯಾದವು. ಗಂಡು ಹೆಣ್ಣು ಹುಡುಕುವವರು ಇಂಟರ್ನೆಟ್ಟಿಗೆ ಹೋಗತೊಡಗಿದರು. ಸಂಘದ ಅಧ್ಯಕ್ಷರಿಗೆ ಪಾತ್ರೆ ಅಂಗಡಿ. ಮಾತೂ ಹಾಗೆಯೇ, ತಟ್ಟಿದ ಕೂಡಲೇ ಕೇಳಿಸುತ್ತದೆ. ಅವರು ಒಂದು ದಿನ ಬಂದು ಹೇಳಿದರು: ಕೇಂದ್ರಕ್ಕೂ ಒಂದು ವೆಬ್ ಪುಟ ಮಾಡಿಸಿ. ಕಂಪ್ಯೂಟರಿನಲ್ಲಿ ಮೈಸೂರು, ವಧೂವರ ಎಂದು ಹುಡುಕಿದರೆ ನಮ್ಮದು ಮೊದಲಿಗೇ ಬರಬೇಕು. ದೀಪಾವಳಿ ಕಳೆದ ಮೇಲಿನ ಮೀಟಿಂಗಿನ ಹೊತ್ತಿಗೆ ಬರದೆ ಹೋದರೆ ಕೇಂದ್ರ ಮುಚ್ಚಿ ಕೋಣೆಯನ್ನು ಹೊಲಿಗೆ ತರಗತಿಗೆ ಕೊಟ್ಟುಬಿಡುವುದು. ಎರಡನೆಯ ದಿನವೇ ಹೊಲಿಗೆ ಟೀಚರಮ್ಮ ಬಂದು, ನಾನು ಕೂತಿದ್ದ ಹಾಗೆಯೇ ನನ್ನ ಮೇಜಿನ ಸುತ್ತ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದರು.

೧. ನಾನೂರು ಹದಿನಾರು

ಪುಟ ಮಾಡಿಕೊಡಲು ಒಪ್ಪಿದವಳು ಹಿಂದಿನ ರಸ್ತೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಹುಡುಗಿ. ಚುರುಕಾದವಳು, ಮಾತು ಕಡಿಮೆ. ಅವಳ ಹೆಸರೂ ನಮ್ಮ ರಿಜಿಸ್ಟರಿನಲ್ಲಿತ್ತು. ಅವಳ ತಾಯಿ ಬರೆಸಿದ್ದರು. ಹಿಂದಿನ ವರ್ಷ ಒಂದು ಸಂಬಂಧ ಮಾತುಕತೆಯವರೆಗೆ ಬಂದು ನಿಂತುಹೋಗಿತ್ತು. ಯಾಕೆ ನಿಂತಿತೆಂದು ನಾನು ಕೇಳಿರಲಿಲ್ಲ. ಈ ಕೆಲಸದಲ್ಲಿ ಅದೊಂದು ನೇಮ.

ಅವಳು ಬಂದು ಕೂತು ಕೇಳಿದ ಮೊದಲನೆಯ ಪ್ರಶ್ನೆ, “ಸರ್, ಪುಟದಲ್ಲಿ ಎಷ್ಟು ಲಿಂಕ್ ಹಾಕೋಣ?”

ಲಿಂಕ್ ಎಂದರೇನೆಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಸಂಬಂಧ ಅಂತ ಇಟ್ಕೊಳ್ಳಿ ಸರ್,” ಎಂದಳು.

ಸಂಬಂಧ ಎಂದ ಮೇಲೆ ನನಗೆ ಧೈರ್ಯ ಬಂತು. ರಿಜಿಸ್ಟರು ಬಿಚ್ಚಿ ನೋಡಿ, ನಾನೂರು ಹದಿನಾರು ಇದೆ, ಹಾಕಮ್ಮ ಎಂದೆ. ಅವಳು ಗಾಬರಿಯಾದಳು. ನೂರು ದಾಟಿದರೆ ಹುಡುಕುವ ಯಂತ್ರ ನಮ್ಮನ್ನು ನಂಬುವುದಿಲ್ಲವಂತೆ. ಅದು ನನಗೂ ಸರಿಯೆನಿಸಿತು. ಕಂಕುಳಲ್ಲಿ ನಾನೂರು ಸಂಬಂಧ ಇಟ್ಟುಕೊಂಡು ಬಂದವನನ್ನು ಯಾವ ಮನೆಯವರು ಒಳಗೆ ಕರೆದು ಕಾಫಿ ಕೊಡುತ್ತಾರೆ? ಕಂಡಕಂಡದ್ದಕ್ಕೆ ಸಂಬಂಧ ಕೊಡಬಾರದು ಎಂದಳು, ಒಪ್ಪಿದೆ. ಒಳ್ಳೆಯ ಕಡೆಯಿಂದ ನಮಗೆ ಸಂಬಂಧ ಬಂದರೆ ನಮ್ಮ ಬೆಲೆ ಏರುತ್ತದೆ ಎಂದಳು, ಅದನ್ನೂ ಒಪ್ಪಿದೆ. ಹೀಗೆ ಅರ್ಧ ಗಂಟೆ ಇಬ್ಬರೂ ಬಹಳ ಹೊಂದಿಕೆಯಿಂದ ಮಾತಾಡಿದೆವು. ಅವಳು ಒಂದು ವಿಷಯ, ನಾನು ಇನ್ನೊಂದು ವಿಷಯ ಮಾತಾಡುತ್ತಿದ್ದೇವೆ ಎಂಬುದು ಗೊತ್ತಾದದ್ದು ಕೊನೆಗೆ.

“ಒಂದು ಸಂಬಂಧ ಒತ್ತಿದ್ರೆ ಮುಂದೆ ಎಲ್ಲಿಗೆ ಹೋಗ್ತೀವಿ ಅಂತ ಒತ್ತೋರಿಗೆ ಮೊದಲೇ ಗೊತ್ತಿರ್ಬೇಕು ಸರ್,” ಎಂದಳು.

“ಮದುವೆಯಲ್ಲಿ ಅದು ಯಾರಿಗಮ್ಮ ಗೊತ್ತಿರುತ್ತೆ?” ಎಂದೆ.

ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಮೊದಲಿನಿಂದ ಬಿಡಿಸಿ ಹೇಳಿದಳು: ಲಿಂಕ್ ಎಂದರೆ ಪುಟದಲ್ಲಿ ಗೆರೆ ಎಳೆದಿರುವ ಮಾತು, ಅದನ್ನು ಒತ್ತಿದರೆ ಇನ್ನೊಂದು ಪುಟ ತೆರೆಯುತ್ತದೆ. ಆದರೂ ಅಂದಿನಿಂದ ನನ್ನ ಹತ್ತಿರ ಮಾತಾಡುವಾಗ ಪಾಪ, ಸಂಬಂಧ ಎಂದೇ ಹೇಳುತ್ತಿದ್ದಳು. ನನಗೆ ಅನುಕೂಲವಾಗಲಿ ಎಂದು ಮಾಡಿದ ಆ ಒಂದು ಉಪಕಾರ ಮುಂದೆ ಅವಳಿಗೇ ತಿರುಗಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

೨. ನೀಲಿ ಗೆರೆ

ಮೊದಲಿಗೆ ನಲವತ್ತು ಹೆಣ್ಣುಮಕ್ಕಳ ಹೆಸರು, ನಲವತ್ತು ಗಂಡುಮಕ್ಕಳ ಹೆಸರು ಹಾಕುವುದೆಂದಾಯಿತು. ಒಂದೊಂದು ಹೆಸರೂ ಒಂದೊಂದು ಸಂಬಂಧ. ಒಟ್ಟು ಎಂಬತ್ತು, ನೂರರ ಒಳಗೇ. ಪುಟ ನೋಡಲು ಚೆನ್ನಾಗಿತ್ತು. ಕಂಪ್ಯೂಟರಿಲ್ಲದವರೂ ನೋಡಲಿ ಎಂದು ಅದನ್ನು ಬಣ್ಣದಲ್ಲಿ ಅಚ್ಚು ತೆಗೆಸಿ, ಸಂಜೆ ಬಾಗಿಲು ಹಾಕುವ ಮೊದಲು ಹೊರಗಿನ ಬೋರ್ಡಿಗೆ ಅಂಟಿಸಿ ಹೋದೆ.

ಮಾರನೆಯ ದಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಬಾಗಿಲ ಮುಂದೆ ಹತ್ತು ಹನ್ನೆರಡು ಜನ. ಇಷ್ಟು ಬೇಗ ಫಲ ಬಂತಲ್ಲ ಎಂದು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದೆ. ಹತ್ತಿರ ಹೋದರೆ ಒಬ್ಬರ ಮುಖದಲ್ಲೂ ನಗುವಿಲ್ಲ. ಒಬ್ಬ ತಂದೆಯಂತೂ ನನ್ನ ಕೈ ಹಿಡಿದುಕೊಂಡು, ನಮ್ಮ ಹುಡುಗಿಯನ್ನು ಯಾರಿಗೆ ಗೊತ್ತು ಮಾಡಿದ್ದೀರಿ, ನಮಗೊಂದು ಮಾತು ಹೇಳಬಾರದಿತ್ತೇ ಎಂದರು. ಪಕ್ಕದಲ್ಲಿದ್ದ ಹೆಂಗಸೊಬ್ಬರು, “ಎಂಬತ್ತಕ್ಕೆ ಎಂಬತ್ತೂ ಆಗೋಗಿದೆ ಕಣ್ರೀ, ನಮಗಿನ್ನೇನು ಉಳ್ದಿದೆ,” ಎಂದು ಚೀಲ ಎತ್ತಿಕೊಂಡು ಹೊರಟರು.

ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಬೋರ್ಡು ನೋಡಿದೆ. ಎಲ್ಲ ಹೆಸರಿನ ಕೆಳಗೂ ನೀಲಿ ಗೆರೆ. ಆಗ ಹೊಳೆಯಿತು. ನಮ್ಮ ರಿಜಿಸ್ಟರಿನಲ್ಲಿ ಮದುವೆ ನಿಶ್ಚಯವಾದವರ ಹೆಸರಿನ ಕೆಳಗೆ ನಾನು ನೀಲಿ ಶಾಯಿಯಲ್ಲಿ ಗೆರೆ ಎಳೆಯುವುದು. ಹತ್ತು ಹದಿನೈದು ವರ್ಷದಿಂದ ನಡೆದುಬಂದ ಪದ್ಧತಿ, ಬಂದವರಿಗೆಲ್ಲ ಗೊತ್ತು. ಹುಡುಗಿಯನ್ನು ಕರೆಸಿ ಕೇಳಿದರೆ, ಪ್ರಪಂಚದಲ್ಲೆಲ್ಲ ಲಿಂಕಿಗೆ ನೀಲಿ ಗೆರೆಯೇ ಸರ್ ಎಂದಳು.

ಬಂದವರಿಗೆಲ್ಲ ಸಮಾಧಾನ ಹೇಳಿ ಕಳಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅವರು ಹೋದ ಮೇಲೆ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗ ಉಳಿದಿದ್ದ. ಮೂರು ವರ್ಷದಿಂದ ಹೆಸರು ಬರೆಸಿ ಎಲ್ಲೂ ಕೂಡಿಬರದವನು. ಗೆರೆ ತಪ್ಪಿನಿಂದ ಬಂದದ್ದು ಎಂದು ಅವನಿಗೂ ಹೇಳಿದೆ. ಅವನು ಮೆಲ್ಲಗೆ, “ನಂದೊಂದು ಇದ್ಕೊಳ್ಲಿ ಬಿಡಿ ಸಾರ್, ಅಮ್ಮ ನೋಡಿ ಖುಷಿ ಪಟ್ಟವ್ರೆ,” ಎಂದ.

೩. ನೂರೆಂಟು

ಹೆಸರುಗಳನ್ನು ಒಳಗಿನ ಪುಟಕ್ಕೆ ಸರಿಸಿದೆವು. ಮುಖಪುಟ ಬೋಳಾಯಿತು. ಅಲ್ಲಿಗೆ ಎಷ್ಟು ಸಂಬಂಧ ಹಾಕಬೇಕೆಂದು ತಿಳಿದವರನ್ನು ಕೇಳೋಣವೆಂದು ಹೊರಟೆ. ಅದೇ ನಾನು ಮಾಡಿದ ತಪ್ಪು. ಇಂಟರ್ನೆಟ್ ಅಂಗಡಿಯವನು ಮೂರು ಸಾಕು ಎಂದ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು ಲೆಕ್ಕವೇ ಇಲ್ಲ, ಎಷ್ಟು ಹಾಕಿದರೆ ಅಷ್ಟು ಒಳ್ಳೆಯದು ಎಂದರು. ನಮ್ಮ ಅಧ್ಯಕ್ಷರು ಮಾತ್ರ ಎದುರು ಪ್ರಶ್ನೆ ಹಾಕಿದರು: “ಪಕ್ಕದ ಜಾತಿಯೋರ ಪುಟದಲ್ಲಿ ಎಷ್ಟಿದೆ? ಅದಕ್ಕಿಂತ ಒಂದು ಜಾಸ್ತಿ ಹಾಕಿ.”

ಮೂವರು ಮೂರು ಥರ ಹೇಳಿದಾಗ ಮನುಷ್ಯ ತನಗೆ ಗೊತ್ತಿರುವ ಲೆಕ್ಕಕ್ಕೆ ಹಿಂತಿರುಗುತ್ತಾನೆ. ನನಗೆ ಗೊತ್ತಿದ್ದದ್ದು ಅಷ್ಟೋತ್ತರ. ಬಿಲ್ವಪತ್ರೆ ಏರಿಸುವುದಾದರೂ ನೂರೆಂಟು, ಜಪವಾದರೂ ನೂರೆಂಟು. ನೂರರ ಮೇಲೆ ಎಂಟು ತಾನೇ, ಯಂತ್ರ ಅಷ್ಟು ನೋಡಿಕೊಂಡು ಸುಮ್ಮನಿರಲಿ ಎಂದುಕೊಂಡು ಒಂದು ನೋಟ್‌ಬುಕ್ ತೆಗೆದು ಮೇಲೆ ಶ್ರೀ ಬರೆದು ಕೂತೆ. ಮದುವೆಗೆ ಬೇಕಾದವರನ್ನೆಲ್ಲ ಪಟ್ಟಿ ಮಾಡಿದೆ. ಛತ್ರ, ಪುರೋಹಿತರು, ಓಲಗದವರು, ಹೂವಿನವರು, ಬಾಳೆ ಎಲೆಯವರು, ಬಳೆಯವರು, ಅಡಿಗೆಯವರು, ಫೋಟೊದವರು. ನಾಲ್ಕು ದಿನ ಬರೆದು ನೂರೇಳಕ್ಕೆ ಬಂದು ನಿಂತೆ. ಇನ್ನೊಂದು ಹೊಳೆಯದು. ನೂರೇಳರಲ್ಲಿ ಬಿಟ್ಟೇಳುವ ಹಾಗಿಲ್ಲ. ನಮ್ಮ ಮನೆಯವರು ಒಳಗಿನಿಂದಲೇ, “ಮೊಸರಿನವಳನ್ನ ಬರ್ಕೊಳ್ಳಿ, ಅವಳಿಲ್ದೆ ಯಾವ ಮದುವೆ ಊಟ ಮುಗಿಯುತ್ತೆ,” ಎಂದರು. ಬರೆದೆ. ನೂರೆಂಟಾಯಿತು. ಒಂದು ಕಾಯಿ ಒಡೆದು ಪಟ್ಟಿಯನ್ನು ಹುಡುಗಿಗೆ ಕೊಟ್ಟೆ.

ಅವಳು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. “ಸರ್, ಇವರಲ್ಲಿ ಯಾರ್‍ಯಾರಿಗೆ ವೆಬ್ ಪುಟ ಇದೆ?”

ಪುಟ ನಮಗಿದೆಯಲ್ಲಮ್ಮ, ಅವರಿಗೇಕೆ ಎಂದೆ. ಸಂಬಂಧ ಎಂದರೆ ಎರಡೂ ಕಡೆ ಮನೆ ಇರಬೇಕು ಸರ್ ಎಂದಳು. ಅದು ನಾನೇ ಎಷ್ಟೋ ಜನಕ್ಕೆ ಹೇಳಿದ್ದ ಮಾತು. ಇಬ್ಬರೂ ಕೂತು ಒಂದೊಂದನ್ನೇ ನೋಡಿದೆವು. ನೂರೆಂಟರಲ್ಲಿ ಪುಟ ಇದ್ದವರು ನಾಲ್ಕು ಜನ. ಮಾರನೆಯ ಬೆಳಿಗ್ಗೆ ಮೊಸರಿನವಳು ಬಂದಾಗ ನಮ್ಮ ಮನೆಯವರು ಈ ಕಥೆ ಹೇಳಿದ್ದಾರೆ. ಅವಳು ಬಹಳ ಹೊತ್ತು ಯೋಚಿಸಿ, “ಅದಕ್ಕೇನು ಬುಡಿ, ಒಂದು ಪುಟ ಮಾಡಿಸ್ಬುಡ್ತೀನಿ. ಸಾಲ ಮೊಸರು ತಗೊಂಡೋರ ಹೆಸರೆಲ್ಲ ಅದ್ರಲ್ಲಾಕ್ಬೋದಾ?” ಎಂದು ಕೇಳಿದಳಂತೆ.

೪. ಮುಯ್ಯಿ

ಆ ನಾಲ್ಕನ್ನು ಹಾಕಿದ್ದಷ್ಟೆ. ವಾರದೊಳಗೆ ಇಂಗ್ಲಿಷಿನಲ್ಲಿ ಒಂದು ಇ-ಮೇಲ್ ಬಂತು. ಹುಡುಗಿ ಓದಿ ಹೇಳಿದಳು: ನಿಮ್ಮ ಪುಟಕ್ಕೆ ನಮ್ಮ ಪುಟದಲ್ಲಿ ಸಂಬಂಧ ಕೊಟ್ಟಿದ್ದೇವೆ, ನಮ್ಮದಕ್ಕೆ ನೀವೂ ಕೊಡಿ. ಇದೇನು ವ್ಯವಹಾರ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಊಟದ ಡಬ್ಬಿ ತಂದಿದ್ದ ನಮ್ಮ ಮನೆಯವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. “ಮುಯ್ಯಿ ಕಣ್ರೀ. ಅವರು ನಮ್ಮನೆ ಮದುವೆಗೆ ಬಂದವ್ರೆ, ನಾವು ಅವರ ಮನೆ ಮದುವೆಗೆ ಹೋಗ್ಬೇಕು.”

ಇಷ್ಟು ಸರಳವಾದದ್ದನ್ನು ಅಷ್ಟು ಇಂಗ್ಲಿಷಿನಲ್ಲಿ ಬರೆದಿದ್ದಾರಲ್ಲ ಎನಿಸಿತು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮುಯ್ಯಿ ಉಳಿಸಿಕೊಂಡವರಿಲ್ಲ. ಬಂದವರಿಗೆಲ್ಲ ಕೊಟ್ಟುಬಿಡಮ್ಮ ಎಂದೆ. ಸರ್, ನೋಡಿ ಕೊಡೋಣ ಎಂದು ಅವಳು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ತಿಂಗಳೊಳಗೆ ಎಪ್ಪತ್ತು ಎಂಬತ್ತು ಮನೆಯವರು ಬಂದರು, ಎಲ್ಲರಿಗೂ ಮುಯ್ಯಿ ಸಂದಿತು.

ಒಂದು ಭಾನುವಾರ ಅಧ್ಯಕ್ಷರು ದೊಡ್ಡ ಮನೆತನದವರೊಬ್ಬರನ್ನು ಕರೆದುಕೊಂಡು ಬಂದರು. ನಮ್ಮ ಪುಟ ಹೇಗಿದೆ ನೋಡಿ ಎಂದು ಹೆಮ್ಮೆಯಿಂದ ಕಂಪ್ಯೂಟರ್ ಹಾಕಿಸಿದರು. ಮೇಲೆ ಗುರುಗಳ ಆಶೀರ್ವಾದ. ಅದರ ಕೆಳಗೆ ಬೋಳು ತಲೆಗೆ ಕೂದಲು ಬರಿಸುವವರು, ತೂಕ ಇಳಿಸುವ ಮಾತ್ರೆಯವರು, ಎಲ್ಲೋ ಹಿಮದ ದೇಶದ ಹೋಟೆಲಿನವರು, ಜೂಜಿನ ಮನೆಯವರು. ಎಲ್ಲಕ್ಕಿಂತ ಕೊನೆಗೆ, ದಪ್ಪ ಅಕ್ಷರದಲ್ಲಿ, ಬೇಗ ವಿಚ್ಛೇದನ ಕೊಡಿಸುವ ವಕೀಲರು. ದೊಡ್ಡ ಮನೆತನದವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು. “ಪರವಾಗಿಲ್ಲ,” ಎಂದರು, “ಹೋಗೋ ದಾರಿ ಬರೋ ದಾರಿ ಎರಡೂ ಒಂದೇ ಕಡೆ ಇಟ್ಟಿದ್ದೀರಿ.”

ಅವರನ್ನು ಕಳಿಸಿದ ಮೇಲೆ ಅಧ್ಯಕ್ಷರು ಹೊಲಿಗೆ ಟೀಚರಮ್ಮನಿಗೆ ಫೋನ್ ಮಾಡಿ ಮಿಷನ್ನು ಎಷ್ಟು ಬರುತ್ತವೆ ಎಂದು ವಿಚಾರಿಸಿದರು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಹೇಳಿದ್ದಿಷ್ಟು: “ಮುಯ್ಯಿ ಅಂದೆ, ನಿಜ. ಗುರುತೇ ಇಲ್ಲದೋರು ಕರೆದ್ರೆ ಹೋಗೋಕಾಗುತ್ತಾ? ಅಲ್ದೆ ಒಂದು ಮಿಳ್ಳೆ ತುಪ್ಪನ ನೂರು ಎಲೆಗೆ ಬಡಿಸ್ತೀನಿ ಅಂದ್ರೆ ಯಾವ ಎಲೆಗೆ ತಾನೆ ಕಾಣುತ್ತೆ?” ಹುಡುಗಿಗೆ ಇದನ್ನು ಹೇಳಿದೆ. ಎರಡು ತಿಂಗಳಿಂದ ತಾನು ಹೇಳುತ್ತಿರುವುದೂ ಅದೇ ಎಂದಳು. ಅವಳು ತುಪ್ಪ ಎಂದು ಹೇಳಿದ್ದರೆ ನನಗೆ ಅಂದೇ ತಿಳಿಯುತ್ತಿತ್ತು.

ಬೇಡದ್ದನ್ನೆಲ್ಲ ಕಿತ್ತು ಹಾಕಿದೆವು. ಎಷ್ಟು ಉಳಿಸುವುದು? ಅವಳು ಹತ್ತು ಎಂದಳು. ರುದ್ರರು ಹನ್ನೊಂದು ಎಂದೆ. ಹನ್ನೊಂದಕ್ಕೆ ಇಬ್ಬರೂ ಒಪ್ಪಿದೆವು. “ನಿಮ್ಮ ದೇವರಲ್ಲಿ ನೂರರ ಕೆಳಗೂ ಲೆಕ್ಕ ಇದೆ ಅಂತ ಮೊದಲೇ ಹೇಳ್ಬಾರ್ದಾ ಸರ್,” ಎಂದಳು.

೫. ಮುರಿದ ಮೂರು

ಮೀಟಿಂಗಿಗೆ ಹತ್ತು ದಿನವಿತ್ತು. ಬೆಳಿಗ್ಗೆ ಹುಡುಗಿಯ ಫೋನ್ ಬಂತು. “ಸರ್, ನಮ್ಮ ಸಂಬಂಧದಲ್ಲಿ ಮೂರು ಮುರಿದಿವೆ. ಹಿಂಗೇ ಬಿಟ್ರೆ ಮೀಟಿಂಗ್ ಹೊತ್ತಿಗೆ ನಾವು ಎಲ್ಲೂ ಕಾಣಿಸಲ್ಲ. ನನ್ನ ಕೈಲಿ ಆಗೋದಲ್ಲ, ನೀವೇ ಆ ಮನೆಯೋರನ್ನ ವಿಚಾರಿಸಿ ಸರಿ ಮಾಡಿಸ್ಬೇಕು.” ಯಾವ ಮೂರು ಎಂದು ಕೇಳುವಷ್ಟರಲ್ಲಿ ಲೈನು ಕಡಿದುಹೋಯಿತು.

ಕೇಳುವುದೇನಿತ್ತು? ಹಿಂದಿನ ಎರಡು ವರ್ಷದಲ್ಲಿ ನಮ್ಮ ಕೇಂದ್ರದಿಂದ ಹೋದದ್ದರಲ್ಲಿ ಮುರಿದ ಸಂಬಂಧ ಸರಿಯಾಗಿ ಮೂರೇ. ಇಷ್ಟು ದಿನ ಪುಟ ಪುಟ ಎಂದು ಅಲೆದು ನಿಜವಾದ ಕೆಲಸ ಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಯಂತ್ರಕ್ಕೂ ಅದು ಗೊತ್ತಾಗಿದೆಯಲ್ಲ ಎಂದು ಸ್ವಲ್ಪ ಭಯವೂ ಆಯಿತು. ಕೋಟು ಹಾಕಿಕೊಂಡು ನಂಜನಗೂಡಿನ ಬಸ್ಸು ಹತ್ತಿದೆ.

ಮೊದಲನೆಯದು ಕಡಕೊಳದ ಹೆಣ್ಣು, ಮಂಡಕಳ್ಳಿಯ ಗಂಡು. ಒಂದೇ ರಸ್ತೆಯ ಅಕ್ಕಪಕ್ಕದ ಊರು. ನಿಶ್ಚಿತಾರ್ಥದ ಊಟದಲ್ಲಿ ಗಂಡಿನ ದೊಡ್ಡಪ್ಪನ ಎಲೆಗೆ ಎರಡನೆಯ ಸಲ ಒಬ್ಬಟ್ಟು ಬಂತು, ತುಪ್ಪ ಬರಲಿಲ್ಲ. ಅಲ್ಲಿಗೆ ಮುರಿದಿತ್ತು. ಹೆಣ್ಣಿನ ತಂದೆ ಕಾರ್ಖಾನೆ ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದರು. “ನಂದೇನು ತಪ್ಪು ಯೋಳಿ ಸ್ವಾಮಿ,” ಎಂದರು. “ಮಿಳ್ಳೆ ಇಡ್ಕಂಡು ನಾನೇ ಓದೆ. ಅವರು ಅಂಗೇ ಕೈ ಅಡ್ಡ ಇಟ್ಬುಟ್ರು. ಕೈ ಮ್ಯಾಲೆ ಎಂಗೆ ಬಡ್ಸಲಿ?”

ಅಲ್ಲಿಂದ ಮಂಡಕಳ್ಳಿಗೆ ಹೋದೆ. ದೊಡ್ಡಪ್ಪನವರು ಎಲೆ ಅಡಿಕೆ ಹಾಕಿಕೊಂಡು ಎಲ್ಲವನ್ನೂ ಕೇಳಿದರು. “ಬೇಡ ಅಂತ ಕೈ ಅಡ್ಡ ಇಡೋದು ನಮ್ಮ ಮರ್ಯಾದೆ,” ಎಂದರು. “ಇನ್ನೊಂದು ಸಲ ಕೇಳೋದು ಅವರ ಮರ್ಯಾದೆ. ನಾನು ನಂದು ಮಾಡ್ದೆ. ಅವರು ಅವರ್ದು ಮಾಡ್ಲಿಲ್ಲ.”

ಎರಡು ದಿನ ಬಿಟ್ಟು ಹೆಣ್ಣಿನ ತಂದೆಯನ್ನು ಹೊರಡಿಸಿದೆ. ಒಂದು ಡಬ್ಬಿ ಒಬ್ಬಟ್ಟು, ಒಂದು ಮಿಳ್ಳೆ ತುಪ್ಪ. ಬಸ್ಸಿನಲ್ಲಿ ಆ ಮಿಳ್ಳೆಯನ್ನು ಅವರು ಕೂಸಿನ ಹಾಗೆ ಹಿಡಿದುಕೊಂಡಿದ್ದರು. ಮಂಡಕಳ್ಳಿಯಲ್ಲಿ ಎಲೆ ಹಾಕಿದರು, ದೊಡ್ಡಪ್ಪನವರು ಕೂತರು. ಒಬ್ಬಟ್ಟು ಬಂತು. ತುಪ್ಪ ಬಂತು. ದೊಡ್ಡಪ್ಪನವರು ಕೈ ಅಡ್ಡ ಇಟ್ಟರು. ಹೆಣ್ಣಿನ ತಂದೆ, “ಇನ್ನೊಂದು ಚೂರು ಆಕುಸ್ಕಳಿ ಬೀಗ್ರೆ,” ಎಂದರು. ದೊಡ್ಡಪ್ಪನವರು ಕೈ ತೆಗೆದರು. ಒಂದು ಕೂಡಿತು.

ಎರಡನೆಯದು ಬೇಗ ಮುಗಿಯಿತು. ಆ ಹುಡುಗ ತನ್ನ ಆಫೀಸಿನ ಹುಡುಗಿಯನ್ನೇ ಮದುವೆಯಾಗಿದ್ದ. ನಾನು ಹೋದ ದಿನ ಮಗುವಿಗೆ ನಾಮಕರಣ. ತೊಟ್ಟಿಲು ತೂಗಿ, ಹರಸಿ, ಊಟ ಮಾಡಿಕೊಂಡು ಬಂದೆ.

ಮೂರನೆಯದು ಆ ಕಂಪ್ಯೂಟರ್ ಹುಡುಗಿಯದೇ. ಪಾಪದ ಹುಡುಗಿ, ತನ್ನದನ್ನು ತಾನೇ ಬಾಯಿಬಿಟ್ಟು ಹೇಳಲಾರದೆ ಮೂರರಲ್ಲಿ ಸೇರಿಸಿ ಹೇಳಿದ್ದಾಳೆ ಎಂದು ಯೋಚಿಸಿ ನನ್ನ ಕಣ್ಣು ತುಂಬಿತ್ತು. ಗಂಡಿನ ತಂದೆಯ ಹತ್ತಿರ ಹೋಗಿ, ಹುಡುಗಿಯೇ ಫೋನ್ ಮಾಡಿ ಹೇಳಿದಳು ಎಂದೆ. ಬೇಡ ಎಂದವಳು ಅವಳೇ ಅಲ್ಲವೇ ಎಂದು ಅವರು ಅನುಮಾನಿಸಿದರು. ಮನಸ್ಸು ಬದಲಾಗಬಾರದೇ ಎಂದೆ. ಮೀಟಿಂಗಿನ ಹಿಂದಿನ ದಿನ ಹೂವು, ಹಣ್ಣು, ಎಲೆ ಅಡಿಕೆಯ ತಟ್ಟೆ ಹಿಡಿದು ಇಬ್ಬರೂ ಅವಳ ಸೆಂಟರಿಗೇ ಹೋದೆವು. ಕಲಿಯಲು ಬಂದವರೆಲ್ಲ ಟೈಪು ನಿಲ್ಲಿಸಿ ತಿರುಗಿ ನೋಡಿದರು.

ಅವಳು ಎದ್ದು ನಿಂತಳು. ತಟ್ಟೆ ನೋಡಿದಳು, ಅವರನ್ನು ನೋಡಿದಳು, ನನ್ನನ್ನು ನೋಡಿದಳು.

“ಮುರಿದಿದ್ದು ಮೂರು ಅಂದ್ಯಲ್ಲಮ್ಮ,” ಎಂದೆ. “ಇದು ಮೂರನೇದು.”

ನನಗೆ ತಿಳಿಯದ್ದು ಅವಳಿಗೆ ಒಂದು ಗಳಿಗೆಯಲ್ಲಿ ತಿಳಿಯಿತು. ಮುಖ ಕೆಂಪಾಯಿತು, ಆದರೆ ದನಿ ಏರಲಿಲ್ಲ. ತಾನು ಹೇಳಿದ್ದು ಪುಟದಲ್ಲಿರುವ ಛತ್ರದವರ, ಓಲಗದವರ, ಫೋಟೊದವರ ಸಂಬಂಧ ಎಂದಳು. ಅವರ ವಿಳಾಸ ಬದಲಾಗಿ, ಒತ್ತಿದರೆ ತೆರೆಯುತ್ತಿಲ್ಲ. ಆಮೇಲೆ ಗಂಡಿನ ತಂದೆಗೆ ಕೈ ಮುಗಿದು, ನಿಮಗೆ ತೊಂದರೆಯಾಯಿತು, ಕ್ಷಮಿಸಬೇಕು ಎಂದಳು. ನನ್ನ ಕಡೆ ತಿರುಗಿದಳು.

“ಸರ್, ನಂದು ಮುರಿದಿರ್ಲಿಲ್ಲ. ನಾನೇ ತೆಗೆದಿದ್ದು.”

ಗಂಡಿನ ತಂದೆ ದೊಡ್ಡವರು. ತಂದ ಹಣ್ಣನ್ನು ಹಿಂದಕ್ಕೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅಲ್ಲಿ ಕಲಿಯಲು ಬಂದಿದ್ದವರಿಗೆಲ್ಲ ಒಂದೊಂದು ಬಾಳೆಹಣ್ಣು ಹಂಚಿ, ತಾವೂ ಒಂದು ತಿಂದು ಹೋದರು.

ಮಾರನೆಯ ದಿನ ಮೀಟಿಂಗು. ಹೊಲಿಗೆ ಟೀಚರಮ್ಮ ಟೇಪು ಸುತ್ತಿಕೊಂಡು ಬಾಗಿಲಲ್ಲೇ ಕೂತಿದ್ದರು. ಹುಡುಗಿಯೂ ಬಂದಿದ್ದಳು, ನನ್ನ ಮುಖ ನೋಡಲಿಲ್ಲ. ಅಧ್ಯಕ್ಷರು ಕಂಪ್ಯೂಟರಿನಲ್ಲಿ ಹುಡುಕಿಸಿದರು. ಮೊದಲನೆಯ ಪುಟದಲ್ಲಿ ನಾವಿಲ್ಲ. ಎರಡನೆಯದರಲ್ಲಿ ಇಲ್ಲ. ನಾಲ್ಕನೆಯದರಲ್ಲಿ ಕೆಳಗಿನಿಂದ ಎರಡನೆಯವರು. ನಾನು ಗುರುಗಳ ಪಟವನ್ನು ಗೋಡೆಯಿಂದ ಇಳಿಸಲು ಎದ್ದೆ.

ಆಗ ಕಡಕೊಳದ ಹೆಣ್ಣಿನ ತಂದೆ ಒಳಗೆ ಬಂದರು, ಜೊತೆಯಲ್ಲಿ ಮಂಡಕಳ್ಳಿಯ ದೊಡ್ಡಪ್ಪನವರು. ಮದುವೆ ಕಾಗದ ಅಚ್ಚಾಗಿ ಬಂದಿತ್ತು. ದೇವರ ಮುಂದಿಟ್ಟ ಮೇಲೆ ಮೊದಲನೆಯ ಕಾಗದ ಕೇಂದ್ರಕ್ಕೇ ಎಂದು ತಂದಿದ್ದರು. ದೊಡ್ಡಪ್ಪನವರು ನಿಂತುಕೊಂಡೇ ತುಪ್ಪದ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದರು. ಅಧ್ಯಕ್ಷರು ಕೇಳಿಸಿಕೊಂಡು ಹುಡುಗಿಯ ಕಡೆ ತಿರುಗಿ, ಈ ಯಂತ್ರ ಇಂಥದ್ದನ್ನು ಮಾಡುತ್ತದೆಯೇ ಎಂದು ಕೇಳಿದರು. ಇಲ್ಲ ಸರ್, ಮುರಿದಿದೆ ಅಂತ ಹೇಳುತ್ತದೆ ಅಷ್ಟೆ ಎಂದಳು. ಹೊಲಿಗೆ ತರಗತಿಗೆ ಹಿಂದಿನ ವರಾಂಡ ಕೊಡುವುದೆಂದು ತೀರ್ಮಾನವಾಯಿತು. ನಾನು ಪಟವನ್ನು ಮೊಳೆಗೆ ಸರಿಯಾಗಿ ಸಿಕ್ಕಿಸಿ ಕೂತೆ.

ಎಲ್ಲರೂ ಹೋದ ಮೇಲೆ ಆ ಮದುವೆ ಕಾಗದವನ್ನು ಹುಡುಗಿಗೆ ತೋರಿಸಿದೆ. ಕೆಳಗೆ, ಸಂಬಂಧ ಕೂಡಿಸಿದವರು ಎಂದು ನಮ್ಮ ಕೇಂದ್ರದ ಹೆಸರು ಹಾಕಿಸಿದ್ದರು. ಪಕ್ಕದಲ್ಲಿ ನಮ್ಮ ವೆಬ್ ಪುಟದ ವಿಳಾಸ. ಅವಳು ಅದನ್ನು ಬೆರಳಿಟ್ಟು ಓದಿದಳು. ಪ್ರೆಸ್ಸಿನವರು ಒಂದು ಅಕ್ಷರ ಬಿಟ್ಟಿದ್ದರು.

“ಸರ್, ಇದು ನಾಲ್ಕನೇದು,” ಎಂದಳು. “ದಯವಿಟ್ಟು ನೀವು ಎಲ್ಲೂ ಹೋಗ್ಬೇಡಿ.”